ಎರಡನೇ ಭಾಗಕ್ಕೆ ಮಾವನ ತಕರಾರು

ನಮ್ಮ ಸೋದರಮಾವನ ಪ್ರಕಾರ, ಈ ಭೂಮಿಯ ಮೇಲೆ ವಿಡಿಯೋ ಗೇಮನ್ನು ಸರಿಯಾಗಿ ಆಡಿದ ಮನುಷ್ಯ ಒಬ್ಬನೇ. ಯಾರು ಅಂತ ಕೇಳಬೇಡಿ, ಅವರಿಗೆ ನಾಚಿಕೆಯಾಗುತ್ತದೆ!

ಮಾವ ಸೊರಬ ತಾಲ್ಲೂಕಿನ ಹೊಲಗದ್ದೆಗಳ ಮೇಲೆ ಸರ್ವೆ ಚೈನು ಎಳೆದು ನಿವೃತ್ತರಾದವರು. ಆನವಟ್ಟಿಯಲ್ಲಿ ಮನೆ, ಅತ್ತೆ, ಮಕ್ಕಳು, ಸೊಸೆಯರು, ಮೊಮ್ಮಕ್ಕಳು ಸೇರಿ ಅಲ್ಲಿ ಕಾಲಿಡಲು ಜಾಗವಿಲ್ಲ. ಆಟದ ಹುಚ್ಚು ಮಾತ್ರ ಅವರ್ಯಾರಿಗೂ ಇಲ್ಲ. ಹಾಗಾಗಿ ಪ್ರತಿ ಭಾನುವಾರ ಬೆಳಗಿನ ಬಸ್ಸು ಹತ್ತಿ ಶಿಕಾರಿಪುರದ ನಮ್ಮ ಮನೆಗೆ ಬರುತ್ತಿದ್ದರು. ಕೈಚೀಲದಲ್ಲಿ ಟವೆಲ್ಲು ಸುತ್ತಿದ ತಮ್ಮದೇ ಜಾಯ್‌ಸ್ಟಿಕ್. ಒಂದೇ ಟೀವಿ, ಪರದೆ ನಡುವೆ ಇಬ್ಭಾಗ: ಎಡಗಡೆ ಅವರು, ಬಲಗಡೆ ನಾನು. ನನ್ನ ಹೈಸ್ಕೂಲಿನ ದಿನಗಳಿಂದಲೂ ಅದೇ ಆಟ. ಇಬ್ಬರೂ ಸೇರಿ ಒಂದು ಊರನ್ನು ರಾಕ್ಷಸರಿಂದ ಕಾಯುವುದು. ನನ್ನ ತಲೆ ನರೆಯಿತು, ಆ ಊರಿನ ಕಷ್ಟ ಮುಗಿಯಲಿಲ್ಲ.

ಮುಗಿಯುವುದಾದರೂ ಹೇಗೆ? ಮೊದಲು ಊರಿನ ಗಡಿಯನ್ನು ಹೆಜ್ಜೆ ಎಣಿಸಿ ಅಳೆಯಬೇಕಂತೆ. ನನ್ನನ್ನು ನಾಲ್ಕು ರಾಕ್ಷಸರು ಅಟ್ಟಾಡಿಸಿ ಹೊಡೆಯುತ್ತಿದ್ದರೆ ಇವರು ಬೇಲಿಗುಂಟ ನಡೆಯುತ್ತ, ಸ್ವಲ್ಪ ತಡಕೋ, ಮೂಲೆ ಕಲ್ಲು ಸಿಗುತ್ತಿಲ್ಲ ಅನ್ನುವವರು. ಗ್ರಾಫ್ ಹಾಳೆಯ ಮೇಲೆ ಆ ಊರಿನ ನಕ್ಷೆ ಬರೆದು ಕೆಳಗೆ ಸಹಿ ಬೇರೆ ಹಾಕಿದ್ದಾರೆ!

ಕೆಲವು ವರ್ಷಗಳ ಹಿಂದೆ ಅದೇ ಆಟ ಹೊಸ ಬಣ್ಣ ಬಳಿದುಕೊಂಡು ರಿಮೇಕ್ ಆಗಿ ಬಂತು. ಹುಲ್ಲು ಗಾಳಿಗೆ ಅಲ್ಲಾಡುತ್ತಿತ್ತು, ನೀರಿನಲ್ಲಿ ಮೋಡ ಕಾಣುತ್ತಿತ್ತು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರೆ ಮಾವ ನಕ್ಷೆ ಬಿಚ್ಚಿ ಅಳೆದೇ ಅಳೆದರು. ಊರ ಬಾವಿ ಹನ್ನೆರಡು ಹೆಜ್ಜೆ ಪೂರ್ವಕ್ಕೆ ಹೋಗಿತ್ತು.

“ಇದು ಒತ್ತುವರಿ,” ಅಂದರು. “ಬಣ್ಣ ಹೊಡ್ಕಳ್ಲಿ, ಬ್ಯಾಡ ಅನ್ನಲ್ಲ. ಬಾವಿ ಸರ್ಸೋಕೆ ಇವ್ರ್ಯಾರು?”

ಕಂಪನಿಗೆ ಕನ್ನಡದಲ್ಲೇ ಅರ್ಜಿ ಹೋಯಿತು: ತಾವು ಖುದ್ದಾಗಿ ಸ್ಥಳ ಪರಿಶೀಲನೆ ಮಾಡಬೇಕಾಗಿ ಕೋರಿಕೆ. ನಿಮ್ಮ ಆಸಕ್ತಿಗೆ ಧನ್ಯವಾದ ಎಂದು ಯಂತ್ರವೇ ಕಳಿಸಿದ ಇಂಗ್ಲಿಷ್ ಉತ್ತರವನ್ನು ಮಾವ ಪ್ರಿಂಟ್ ತೆಗೆಸಿ, ಅರ್ಜಿಗೆ ಹಿಂಬರಹ ಬಂದಿದೆ ಎಂದು ಫೈಲಿಗೆ ಸೇರಿಸಿದರು. ಆಮೇಲೆ ರೀಬೂಟ್ ಅಂತ ಇನ್ನೊಂದು ಬಂತು. ಹಳೆಯ ನಾಯಕನ ಕಥೆಯನ್ನೆಲ್ಲ ಅಳಿಸಿ, ಅದೇ ಹೆಸರಿನ ಚಿಗುರು ಮೀಸೆಯವನನ್ನು ತಂದು ನಿಲ್ಲಿಸಿದ್ದರು. ಸತ್ತವರ ಜಮೀನಿಗೆ ಮಾಡುವ ಪೌತಿ ಖಾತೆಯನ್ನು ಬದುಕಿರುವವನಿಗೇ ಮಾಡಿಬಿಟ್ಟರಲ್ಲ ಎಂದು ಮಾವ ಎಷ್ಟು ನೊಂದುಕೊಂಡರೆಂದರೆ, ಅವತ್ತು ಸರಿಯಾಗಿ ಊಟವನ್ನೇ ಮಾಡಲಿಲ್ಲ. ಬರೀ ಮೂರು ಹೋಳಿಗೆ!

ಈಚೆಗೆ ಅವರ ಮೊಣಕಾಲು ಕೈಕೊಟ್ಟಿತು. ಬಸ್ಸಿನ ಮೆಟ್ಟಿಲು ಹತ್ತಿಸಲು ಕಂಡಕ್ಟರ್ ಕೈ ಹಿಡಿಯಬೇಕು. ಹೀಗಾದರೆ ಭಾನುವಾರದ ಆಟ ನಿಂತೇ ಹೋಗುತ್ತದಲ್ಲ ಎಂದು ನನಗೆ ಹೆದರಿಕೆಯಾಯಿತು. ಜಾಣತನ ಮಾಡಿದೆ ನೋಡಿ! ಆಟದ ಎರಡನೇ ಭಾಗವನ್ನು ಹೊಸ ಯಂತ್ರದ ಸಮೇತ ತರಿಸಿ ಆನವಟ್ಟಿಯ ಮನೆಯಲ್ಲಿ ಜೋಡಿಸಿ ಬಂದೆ. ಎರಡನೇ ಭಾಗದಲ್ಲಿ ಒಂದೇ ಟೀವಿಯ ಮುಂದೆ ಇಬ್ಬರು ಆಡುವಂತಿಲ್ಲ. ಅವರವರ ಮನೆಯಿಂದ ನೆಟ್ ಮೂಲಕ ಆಡಬೇಕು. ಬಸ್ಸಿನ ಕಾಟವೇ ಇಲ್ಲ.

ಆ ಭಾನುವಾರ ಹಾಗೇ ಆಡಿದೆವು. ಮಾವ ಗಡಿ ಅಳೆಯಲಿಲ್ಲ. ಚಕಚಕನೆ ರಾಕ್ಷಸರನ್ನು ಕೊಂದರು. ನಡುವೆ ಒಮ್ಮೆ, ನಿಮ್ಮನೇಲಿ ಏನು ತಿಂಡಿ ಅಂತ ಕೇಳಿದರು, ಅಷ್ಟೇ. ಮಧ್ಯಾಹ್ನದೊಳಗೆ ಗೆದ್ದೂಬಿಟ್ಟೆವು.

ಮುಂದಿನ ಭಾನುವಾರ ಬಾಗಿಲು ತೆರೆದರೆ ಮಾವ! ಹೊಸ ಯಂತ್ರದ ಡಬ್ಬಿಯನ್ನು ಎದೆಗವಚಿಕೊಂಡು ಏದುಸಿರು ಬಿಡುತ್ತ ನಿಂತಿದ್ದಾರೆ. ಒಳಗೆ ಕೂರಿಸಿ, ಎರಡನೇ ಭಾಗದಲ್ಲಿ ಏನು ತಪ್ಪು ಕಂಡಿತು ಎಂದು ಕೇಳಿದೆ. ಒಂದು ಗಂಟೆಯ ಭಾಷಣ ಕೇಳುವ ತಯಾರಿಯಲ್ಲೇ ಇದ್ದೆ.

“ಏನೂ ತಪ್ಪಿಲ್ಲ ಮಾರಾಯ್ತಿ, ಎಲ್ಲಾ ಸರಿ ಐತೆ,” ಅಂದರು. “ಗೆದ್ದ ಮೇಲೆ ಪಕ್ಕಕ್ಕೆ ತಿರುಗಿ ನೋಡ್ದೆ. ನೀನಿರ್ಲಿಲ್ಲ.”

ಆವತ್ತು ನಾನೂ ಹಾಗೇ ತಿರುಗಿ ನೋಡಿದ್ದೆ, ಯಾರಿಗೂ ಹೇಳಿರಲಿಲ್ಲ.

ಈಗ ಭಾನುವಾರ ಬಸ್ಸು ಹತ್ತುವವಳು ನಾನು. ಹಳೆಯ ಯಂತ್ರವನ್ನೂ ಆನವಟ್ಟಿಗೇ ಸಾಗಿಸಿದ್ದೇನೆ. ಮಾವ ಬಸ್ ನಿಲ್ದಾಣಕ್ಕೇ ಬಂದು ಕಾಯುತ್ತಾರೆ. ಬಸ್ಸು ಎಷ್ಟೇ ತಡವಾಗಲಿ, ನಾನು ಇಳಿಯುವ ತನಕ ಬೆಳಗಿನ ತಿಂಡಿ ಮುಟ್ಟುವುದಿಲ್ಲ.