ಅರವತ್ತು ಕಳೆದರಾಯ್ತು!

"ಕೋಟು ಕಂಡ್ರೆ ಏರೋ ಬಿಪಿಗೆ ನಾನ್ಯಾಕೆ ಮಾತ್ರೆ ನುಂಗಲಿ? ಆ ಕೋಟಿಗೇ ನುಂಗಿಸಲಿ!" ಎಂದು ಘೋಷಿಸಿದ ತಕ್ಕಡಿರಾಯರು ಅಂದೇ ಬಿಪಿ ನೋಡುವ ಯಂತ್ರವೊಂದನ್ನು ಮನೆಗೆ ತಂದರು. ತಕ್ಕಡಿರಾಯ ಎಂಬುದು ಅಂಗಡಿಗಳ ತಕ್ಕಡಿ ರಿಪೇರಿ ಮಾಡಿ ಮಾಡಿ ಗಳಿಸಿದ ಬಿರುದು. ಡಾಕ್ಟರರ ಬಿಳಿ ಕೋಟು ಕಂಡೊಡನೆ ಅವರ ಬಿಪಿ ನೂರೈವತ್ತು ದಾಟುತ್ತಿತ್ತು. ಮನೆಯಲ್ಲೂ ನೋಡಿಕೊಳ್ಳಿ, ಅಲ್ಲಿ ಸರಿಯಿದ್ದರೆ ಇದು ಬರೀ ಭಯ ಎಂದಿದ್ದರು ಡಾಕ್ಟರು.

ಆದರೆ ಪರೀಕ್ಷಿಸದೆ ಹೊಸ ಯಂತ್ರವನ್ನು ನಂಬುವುದುಂಟೆ? ತಕ್ಕಡಿಯ ಬಣ್ಣ ಬಯಲಾಗಬೇಕಾದರೆ ಮೊದಲು ಸಾಚಾ ತೂಕದ ಕಲ್ಲು ಇಡಬೇಕು. ಮನೆಯಲ್ಲಿ ಅಂಥ ಕಲ್ಲು ಯಾವುದು? ಹೆಂಡತಿ! ಮದುವೆಯಾದಾಗಿನಿಂದ ಒಂದು ದಿನವೂ ಕಾಯಿಲೆ ಎಂದು ಮಲಗಿದವಳಲ್ಲ.

"ಬಾರೇ ಇಲ್ಲಿ, ತೋಳು ಕೊಡು."

"ರೀ, ಬೆಳಿಗ್ಗೆಯಿಂದ ತಲೆ ಸಿಡೀತಿದೆ..."

"ಶ್! ತೂಕದ ಕಲ್ಲು ಎಲ್ಲಾದ್ರೂ ಮಾತಾಡುತ್ತಾ?"

ಯಂತ್ರ ನೂರೆಂಬತ್ತು ತೋರಿಸಿತು. ಮತ್ತೆ ನೋಡಿದರೂ ಅದೇ. ರಾಯರು ಗಹಗಹಿಸಿ ನಕ್ಕರು.

"ನೋಡಿದ್ಯಾ! ನೂರಿಪ್ಪತ್ತು ಇರಬೇಕಾದ ನಿನಗೆ ನೂರೆಂಬತ್ತು ಅಂತಿದೆ. ಅರವತ್ತು ಜಾಸ್ತಿ ತೂಗೋ ಕಳ್ಳ ತಕ್ಕಡಿ! ಅರವತ್ತು ಕಳೆದರಾಯ್ತು."

ಯಂತ್ರದ ಪಟ್ಟಿಯನ್ನು ತಮ್ಮ ತೋಳಿಗೆ ಸುತ್ತಿಕೊಂಡರು. ನೂರ ಇಪ್ಪತ್ತನಾಲ್ಕು. ಕಳೆದರು. ಅರವತ್ತನಾಲ್ಕು! "ಅಯ್ಯೋ, ನಾನು ಹೋದೆ ಕಣೇ!" ಎಂದು ಹಾಸಿಗೆಗೆ ಉರುಳಿದವರು ವಾರವಾದರೂ ಏಳಲಿಲ್ಲ. ಹೆಂಡತಿ ತಲೆಗೆ ಬಟ್ಟೆ ಬಿಗಿದುಕೊಂಡೇ ಅವರಿಗೆ ಉಪ್ಪುನೀರು ಕುಡಿಸಿದಳು, ಕಾಲು ಒತ್ತಿದಳು, ರಿಪೇರಿಗೆ ಕೊಟ್ಟ ತಕ್ಕಡಿ ಕೇಳಿಕೊಂಡು ಬಾಗಿಲಿಗೆ ಬಂದ ಅಂಗಡಿಯವರಿಂದ ಅವರ ಪರವಾಗಿ ಬೈಸಿಕೊಂಡಳು. ಸಂಜೆ ಯಂತ್ರದ ಪರೀಕ್ಷೆಗೆ ತೋಳನ್ನೂ ಕೊಟ್ಟಳು. "ಇವತ್ತು ಇನ್ನೂ ದೊಡ್ಡ ಸುಳ್ಳು ಹೇಳ್ತಿದೆ, ದರಿದ್ರದ್ದು!" ಎಂದು ರಾಯರು ಯಂತ್ರಕ್ಕೆ ಶಾಪ ಹಾಕಿದರು.

ಕೊನೆಗೆ ಅವಳೇ ಗಂಡನನ್ನು ಹೆಗಲಿಗೆ ಆನಿಸಿಕೊಂಡು ಆಸ್ಪತ್ರೆಗೆ ಕರೆತಂದಳು. ಡಾಕ್ಟರು ರಾಯರ ಲೆಕ್ಕ ಕೇಳಿ, ಯಂತ್ರವನ್ನು ತಮ್ಮದರ ಜೊತೆ ಹೋಲಿಸಿ ನೋಡಿದರು.

"ಇದು ಸರಿಯಾಗೇ ಇದೆಯಲ್ರೀ! ಅರವತ್ತು ಯಾಕೆ ಕಳೆದ್ರಿ?"

ರಾಯರು ಹೆಮ್ಮೆಯಿಂದ ಕಲ್ಲಿನ ಸಿದ್ಧಾಂತ ವಿವರಿಸಿದರು. ಡಾಕ್ಟರರ ಮುಖದ ನಗು ಮಾಯವಾಯಿತು. ಪಟ್ಟಿಯನ್ನು ಅವಳ ತೋಳಿಗೆ ಸುತ್ತಿದರು. ನೂರ ತೊಂಬತ್ತು.

"ನಿಮ್ಮದು ಕೋಟಿನ ಭಯ. ಆಗಾಗ ನೋಡ್ಕೊಂಡಿದ್ರೆ ಸಾಕು. ಮನೇಲೂ ಇಲ್ಲೂ ಇಳಿಯದೇ ಇರೋದು ಇವರದ್ದು. ಹೃದಯಾನ ತಿಂದುಹಾಕೋದು ಇದೇ. ಎಷ್ಟು ತಿಂದಿದೆಯೋ ನೋಡ್ಬೇಕು, ಈಗಲೇ ಅಡ್ಮಿಟ್ ಮಾಡಿ."

ಅವಳಿಲ್ಲದ ಮನೆ ರಾಯರ ಕಣ್ಣ ಮುಂದೆ ಬಂತು. ತಮ್ಮ ಮೇಲೆ ಬಂದ ಸಿಟ್ಟು ಮಾತ್ರ ಎಂದಿನಂತೆ ಅವಳ ಕಡೆಗೇ ತಿರುಗಿತು.

"ಇಷ್ಟು ದಿನ ಬಾಯಿ ಬಿಟ್ಟು ಹೇಳೋಕೇನಾಗಿತ್ತೇ ನಿನಗೆ?"

ಆಸ್ಪತ್ರೆಯ ಮಂಚದ ಮೇಲೆ ಮೊದಲ ಬಾರಿಗೆ ಕಾಲು ಚಾಚಿದ ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು:

"ತೂಕದ ಕಲ್ಲು ಎಲ್ಲಾದ್ರೂ ಮಾತಾಡುತ್ತೇನ್ರೀ?"