ಹೆದ್ದಾರಿಯಲ್ಲಿ ಹುಲಿ, ದಿಬ್ಬದಲ್ಲಿ ಇಲಿ

ಪೆಟ್ರೋಲ್ ಬಂಕಿನವರ ಹೊಟ್ಟೆಯ ಮೇಲೆ ಹೊಡೆದೇ ತೀರುತ್ತೇನೆ ಎಂದು ನಾನು ಶಪಥ ಮಾಡಿದೆ! ದಿನಾ ಆಫೀಸಿಗೆ ಹೆದ್ದಾರಿಯಲ್ಲಿ ಓಡಾಡುವವನು ನಾನು. ನನ್ನ ಹಳೆಯ ಕಾರಿನ ಎಂಜಿನ್ ಅಷ್ಟೊಂದು ಅರಚಿಕೊಂಡು ಓಡಬೇಕೇಕೆ? ಹಲ್ಲುಗಳ ಲೆಕ್ಕ ಬೇರೆಯಾಗಿರುವ ಗೇರು ಕೂರಿಸಿದರೆ ಚಕ್ರ ಅಷ್ಟೇ ತಿರುಗುತ್ತದೆ, ಎಂಜಿನ್ ಕಡಿಮೆ ತಿರುಗುತ್ತದೆ, ಪೆಟ್ರೋಲ್ ಉಳಿಯುತ್ತದೆ!

"ಕಾರು ಮಾಡಿದವರಿಗೆ ಹೊಳೀದೇ ಇದ್ದದ್ದು ನಿಮಗೆ ಹೊಳೀತಾ?" ಎಂದಳು ಹೆಂಡತಿ.

"ಪೆಟ್ರೋಲ್ ಹಾಕಿಸೋನು ನಾನು ಕಣೇ, ಅವರಲ್ಲ!"

ಮೆಕ್ಯಾನಿಕ್ ನನಗಿಂತ ಉತ್ಸಾಹಿ. "ಹೆದ್ದಾರೀಲಿ ಹುಲಿ ಸಾರ್ ನಿಮ್ ಗಾಡಿ!" ಎಂದು ಹೊಸ ಗೇರು ಕೂರಿಸಿಯೇ ಬಿಟ್ಟ. ಹುಲಿಯೇ ಆಯಿತು! ಎಂಜಿನ್ ಜೋಗುಳ ಹಾಡಿದಂತೆ ಗುನುಗುತ್ತಿತ್ತು. ನಾನಂತೂ ನೆಲದ ಮೇಲೆ ನಡೆಯುವುದನ್ನೇ ಬಿಟ್ಟಿದ್ದೆ.

ಭಾನುವಾರ, ನಮ್ಮಲ್ಲಿ ಬಂದು ತಂಗಿದ್ದ ಅತ್ತೆಯವರನ್ನು ಅವರ ಮನೆಗೆ ಬಿಡಲು ಹೊರಟೆವು. ಮಾವನವರ ಮನೆ ಇರುವುದು ಕಡಿದಾದ ದಿಬ್ಬದ ನೆತ್ತಿಯಲ್ಲಿ. ನನ್ನ ಮಹಾ ಲೆಕ್ಕಾಚಾರದಲ್ಲಿ ಈ ಸಣ್ಣ ಸಂಗತಿ ಸೇರಿರಲಿಲ್ಲ!

ಅರ್ಧ ದಿಬ್ಬ ಹತ್ತುವಷ್ಟರಲ್ಲಿ ಕಾರು ಏದುಸಿರು ಬಿಟ್ಟಿತು. ಹೊಸ ಗೇರಿಗೆ ಓಟ ಜಾಸ್ತಿ, ಎಳೆಯುವ ಬಲ ಕಡಿಮೆ! ಹಾಕಿದ್ದು ಒಂದನೇ ಗೇರು. ಅದಕ್ಕಿಂತ ಕೆಳಗಿನದನ್ನು ಎಲ್ಲಿಂದ ತರಲಿ? ಎಂಜಿನ್ ಒಮ್ಮೆ ನಡುಗಿ ಆರಿಹೋಯಿತು. ಕಾರು ಮೆಲ್ಲಗೆ ಹಿಂದಕ್ಕೆ ಜಾರಿತು. ಎರಡೂ ಪಾದ ಬ್ರೇಕಿನ ಮೇಲಿಟ್ಟು ನಿಂತೇಬಿಟ್ಟೆ. ಕನ್ನಡಿಯಲ್ಲಿ ನೋಡಿದರೆ ನೀರಿನ ಟ್ಯಾಂಕರ್, ಅದರ ಮೂತಿ ಹಿಂದಿನ ಸೀಟಿನ ಅತ್ತೆಯವರ ತಲೆಗೆ ತಾಗುವಷ್ಟು ಹತ್ತಿರ!

"ಯಾಕೆ ನಿಲ್ಲಿಸಿದ್ರಿ ಅಳಿಯಂದಿರೇ?"

"ಏನಿಲ್ಲ ಅತ್ತೆ, ಕಾರಿಗೆ ಸ್ವಲ್ಪ ವಿಶ್ರಾಂತಿ."

"ನಮಗೂ ಶಾಶ್ವತವಾಗಿ ಸಿಗೋ ಹಾಗಿದೆ," ಎಂದಳು ಹೆಂಡತಿ.

ಮತ್ತೆ ಎಂಜಿನ್ ಹಚ್ಚಿದೆ. ಕ್ಲಚ್ ಸುಟ್ಟ ವಾಸನೆ ಬಂತು, ಕಾರು ಇನ್ನೊಂದು ಗೇಣು ಹಿಂದೆ ಹೋಯಿತು. ಟ್ಯಾಂಕರಿನವನು ಬಾಯಿ ಬಡಿದುಕೊಳ್ಳುತ್ತಿದ್ದ. ನನ್ನ ಜೀವ ಬಾಯಿಗೆ ಬಂದಿತ್ತು. ತಾಯಿ, ಮಗಳು ಇಬ್ಬರ ಪ್ರಾಣವೂ ನನ್ನ ಕಾಲಿನಡಿ ಇತ್ತು.

ಪುಣ್ಯಕ್ಕೆ ಟ್ಯಾಂಕರಿನವನು ಹಿಂದೆ ಸರಿದ. ಇಂಚಿಂಚಾಗಿ ಇಳಿದು ದಿಬ್ಬದ ಬುಡ ಸೇರಿದೆವು.

"ಈ ಕಡೆ ಬನ್ನಿ, ನಾನು ಓಡಿಸ್ತೀನಿ," ಎಂದಳು ಹೆಂಡತಿ. "ಈ ಕಾರಿನಲ್ಲಿ ಒಂದನೇ ಗೇರಿಗಿಂತ ಜೋರಾಗಿ ಎಳೆಯೋದು ರಿವರ್ಸ್. ಅದರಲ್ಲೇ ಹತ್ತಿಸ್ತೀನಿ."

"ಅಯ್ಯೋ ಬೇಡ ಕಣೇ! ನಡ್ಕೊಂಡೇ ಹೋಗೋಣ!"

"ಅಮ್ಮನ ಮಂಡಿನೋವು ಗೊತ್ತಿಲ್ವಾ? ಪೆಟ್ರೋಲ್ ಉಳಿಸಿದ್ದು ಸಾಕು, ಈಗ ನಮ್ಮಮ್ಮನ್ನ ಉಳಿಸ್ಕೋಬೇಕು. ಕೂತ್ಕೊಳ್ಳಿ ಸುಮ್ನೆ!"

ಕಾರನ್ನು ತಿರುಗಿಸಿ, ಬೆನ್ನು ಮುಂದಾಗಿ ಹತ್ತಿಸತೊಡಗಿದಳು! ಅವಳು ಕತ್ತು ಹೊರಳಿಸಿ ಹಿಂದೆ ನೋಡುತ್ತಿದ್ದಳು. ನನಗೆ ಮುಂದಿನ ಗಾಜಿನಲ್ಲಿ ಇಡೀ ದಿಬ್ಬ ಬಾಯಿ ತೆರೆದುಕೊಂಡು ಕೆಳಗೆ ಕೆಳಗೆ ಹೋಗುತ್ತಿತ್ತು. ಕಣ್ಣು ಮುಚ್ಚಿ ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಹಿಂದಿನ ಸೀಟಿನಲ್ಲಿ ಅತ್ತೆಯವರು ನನಗಿಂತ ಗಟ್ಟಿಯಾಗಿ ಕರೆಯುತ್ತಿದ್ದರು. ಅದು ದಿಬ್ಬಕ್ಕಿಂತ ಹೆಚ್ಚು ಹೆದರಿಸಿತು.

ಕೊನೆಗೂ ಕಾರು ನಿಂತಿತು. ಗೇಟಿನಲ್ಲಿ ಮಾವನವರು ಕಣ್ಣರಳಿಸಿ ನಿಂತಿದ್ದರು. "ಇದೇನಿದು, ಬರ್ತಿದ್ದೀರೋ, ಹೋಗ್ತಿದ್ದೀರೋ?"

ಅತ್ತೆಯವರು ಬಾಗಿಲು ಹಿಡಿದುಕೊಂಡು ಮೆಲ್ಲಗೆ ಇಳಿದರು.

"ನಮ್ಮ ಅಳಿಯಂದಿರಿಗೆ ಹಿರಿಯರು ಅಂದ್ರೆ ಎಷ್ಟು ಗೌರವ ಗೊತ್ತೇನ್ರೀ! ದಿಬ್ಬ ಹತ್ತೋವಾಗ ನನ್ನನ್ನ ಮುಂದೆ ಬಿಟ್ಟು, ತಾವು ಹಿಂದೆ ಬಂದ್ರು."

ನನಗೆ ಹೋದ ಜೀವ ಬಂದಂತಾಯಿತು. ನಾಚಿಕೊಂಡು ತಲೆ ತಗ್ಗಿಸಿದೆ.

"ಇಳಿಯೋವಾಗ ಮಾತ್ರ ಅವರೊಬ್ಬರೇ ಮುಂದೆ ಹೋಗ್ಲಿ," ಎಂದರು ಅತ್ತೆ. "ನನ್ನ ಮಗಳು ನಾಳೆ ಬಸ್ಸಲ್ಲಿ ಹೋಗ್ತಾಳೆ!"