ತಾತನ ಗಾಡಿಗೆ ಮೊಮ್ಮಗನ ಆಕ್ಸಲ್

ಹೆಣ ಸಾಗಿಸುವ ಗಾಡಿಗೆ ಅವಸರವೇನು? ಊರೆಲ್ಲ ಈ ಪ್ರಶ್ನೆ ಕೇಳಿತ್ತು. ಕೇಳಿಸಿಕೊಳ್ಳದಿದ್ದವನು ಅದರ ಡ್ರೈವರು ಮಾತ್ರ. ಅವನ ಗಾಡಿಯ ಹಿಂದೆ ಹೊರಟ ನೆಂಟರು ಅಳುವುದನ್ನು ಬಿಟ್ಟು ಓಡಬೇಕಾಗುತ್ತಿತ್ತು. ಹೋದ ವಾರ ಮುದುಕನೊಬ್ಬ ಏದುಸಿರು ಬಿಡುತ್ತ ಹೆಂಡತಿಯ ಪೆಟ್ಟಿಗೆಯ ಪಕ್ಕದಲ್ಲೇ ಒರಗಿಬಿಟ್ಟಿದ್ದ. ಇಬ್ಬರಲ್ಲಿ ಯಾರನ್ನು ಹೂಳುವುದೆಂದು ಗುಂಡಿ ತೋಡುವವನಿಗೇ ಗೊಂದಲವಾಗಿತ್ತು. ಡ್ರೈವರಿಗೆ ಎಕ್ಸ್‌ಪ್ರೆಸ್ ಎಂಬ ಹೆಸರು ಬಂದದ್ದು ಹೀಗೆ.

"ಇನ್ನೊಂದು ದೂರು ಬಂತೋ, ನಾಳೆಯಿಂದ ನೀನು ಮನೇಲಿ," ಎಂದು ಗಾಡಿಯ ಯಜಮಾನರು ಮೂಗಿನಲ್ಲೇ ರಾಗ ಎಳೆದಿದ್ದರು. "ಇವತ್ತು ನಾಲ್ಕು ಗಂಟೆಗೆ ಬೋರ್ಡ್ ಬರಿಯೋ ಪೇಂಟರ್ ಮನೆ. ತಡಾನೂ ಆಗ್ಬಾರ್ದು, ಜೋರಾಗಿ ಓಡಿಸ್ಲೂಬಾರ್ದು. ತಿಳೀತಾ?"

ತಡವಾಗಬಾರದೆಂದು ಎಕ್ಸ್‌ಪ್ರೆಸ್ಸು ಬೆಳಿಗ್ಗೆ ಎಂಟಕ್ಕೇ ಗಾಡಿ ತೊಳೆಸಲು ಹೊರಟ. ತನ್ನ ಬೀದಿಯ ಹಂಪನ್ನು ಎಂದಿನಂತೆ ಹಾರಿಸಿದ. ಹಿಂದುಗಡೆ 'ಕಟಕ್' ಎಂದಿತು, 'ಕರ್ರ್' ಎಂದಿತು, ಆಮೇಲೆ ಏನೂ ಅನ್ನಲಿಲ್ಲ.

ಬೀದಿಯ ತುದಿಯ ಮೆಕ್ಯಾನಿಕ್ಕು ಗಾಡಿಯನ್ನು ನಾಲ್ಕು ಕಲ್ಲಿನ ಮೇಲೆ ನಿಲ್ಲಿಸಿ, ಕೆಳಗೆ ತೂರಿ, ಡಾಕ್ಟರ ಮುಖ ಮಾಡಿಕೊಂಡು ಹೊರಬಂದ. "ಹಿಂದಿನ ಆಕ್ಸಲ್ ಹೋಯ್ತಣ್ಣ. ಈ ಮಾಡೆಲ್ಲಿಗೆ ಈಗ ಎಲ್ಲಿ ಸಿಗ್ಬೇಕು? ಇದನ್ನ ಮಾಡಿದೋರೇ ನಿನ್ನ ಗಾಡೀಲಿ ಹೋಗಿರ್ತಾರೆ."

ಎಕ್ಸ್‌ಪ್ರೆಸ್ಸು ಗುಜರಿಗೆ ಓಡಿದ. ಅಲ್ಲಿ ಅದೇ ಹೆಸರಿನ ಕಾರೊಂದು ಮುಂಭಾಗ ಅಪ್ಪಚ್ಚಿಯಾಗಿ ಬಿದ್ದಿತ್ತು. ಹೆಸರು ಒಂದೇ, ತಲೆಮಾರು ಬೇರೆ. ಇವನದು ತಾತ, ಅದು ಮೊಮ್ಮಗ.

"ಹಿಂದ್ಗಡೆ ಎಲ್ಲಾ ಹೊಸದು," ಎಂದ ಗುಜರಿಯವನು. "ತಗೊಂಡ್ಹೋಗು. ಓನರ್ ಇನ್ನು ಓಡ್ಸಲ್ಲ."

ತಂದ ಮೇಲೆ ತೊಂದರೆ ಒಂದೊಂದಾಗಿ ಹಲ್ಲು ಕಿರಿಯಿತು. ತಾತನ ಚಕ್ರಕ್ಕೆ ನಾಲ್ಕು ನಟ್ಟು, ಮೊಮ್ಮಗನಿಗೆ ಐದು. ಹಾಗಾಗಿ ಮತ್ತೊಮ್ಮೆ ಓಡಿ ಚಕ್ರಗಳನ್ನೂ ತಂದದ್ದಾಯಿತು. ಎರಡೂ ಚಕ್ರಗಳ ನಟ್ಟನಡುವೆ ಯಾರೋ ಒಂದೊಂದು ಹಳದಿ ಹಕ್ಕಿ ಬರೆದಿದ್ದರು.

"ಇರ್ಲಿ ಬಿಡಯ್ಯ, ನಿನ್ನ ಗಾಡಿಗೆ ಪ್ರಾಣಪಕ್ಷಿ ಒಪ್ಪುತ್ತೆ," ಎಂದರು ಎದುರುಮನೆಯ ನಿವೃತ್ತ ಮೇಷ್ಟ್ರು. ಯಾರೂ ಕರೆಯದಿದ್ದರೂ ಕುರ್ಚಿ ಸಮೇತ ಬಂದಿದ್ದರು.

ಮೊಮ್ಮಗನ ಬ್ರೇಕ್ ಪೈಪನ್ನು ಮೆಕ್ಯಾನಿಕ್ಕು ಬೆಳಕಿಗೆ ಹಿಡಿದ. "ನೋಡಿ, ಉದ್ದಕ್ಕೂ ಬಿರುಕು. ಇದನ್ನ ನಂಬ್ಕೊಂಡು ಓಡಿಸ್ತಿದ್ನಲ್ಲ ಪುಣ್ಯಾತ್ಮ!" ತಾತನ ಪೈಪನ್ನೇ ಜೋಡಿಸಿ, ಬಿರುಕಿನದನ್ನು ಆಗಷ್ಟೇ ಬಂದಿದ್ದ ಕಸದ ಲಾರಿಗೆ ಎಸೆದ.

ಕೊನೆಯ ತೊಂದರೆ ಸ್ಪ್ರಿಂಗಿನದು. ತಾತನಲ್ಲಿ ಸ್ಪ್ರಿಂಗು ಆಕ್ಸಲಿನ ಕೆಳಗೆ, ಮೊಮ್ಮಗನಲ್ಲಿ ಮೇಲೆ. ಎಷ್ಟು ತಿಣುಕಿದರೂ ಕೂರಲೊಲ್ಲದು. ಗಂಟೆ ಎರಡಾಯಿತು.

"ನಲವತ್ತು ವರ್ಷ ರೇಖಾಗಣಿತ ಹೇಳ್ಕೊಟ್ಟೋನು ನಾನು," ಎಂದು ಮೇಷ್ಟ್ರು ಎದ್ದರು. "ಮೇಲಿರೋದು ಕೆಳಗೆ ಬರ್ಬೇಕು, ಅಷ್ಟೇ ತಾನೆ? ತಲೆಕೆಳಗು ಮಾಡಿ!"

ಮಾಡಿದರು. ಹೊಲಿಸಿದ ಅಂಗಿಯಂತೆ ಕೂತಿತು. ಮೆಕ್ಯಾನಿಕ್ಕು ಮೇಷ್ಟ್ರ ಕೈ ಕುಲುಕಿದ.

ಮೂರೂಕಾಲಿಗೆ ಎಕ್ಸ್‌ಪ್ರೆಸ್ಸು ಫಸ್ಟ್ ಗೇರ್ ಹಾಕಿ ಮುನ್ನುಗ್ಗಿದ. ಗಾಡಿ ಹಿಂದಕ್ಕೆ ನುಗ್ಗಿ ಮೇಷ್ಟ್ರ ಕುರ್ಚಿಯನ್ನು ಪುಡಿ ಮಾಡಿತು. ಮೇಷ್ಟ್ರು ನಿಂತಿದ್ದರಿಂದ ಉಳಿದರು.

"ಆಕ್ಸಲ್ ತಲೆಕೆಳಗಾದ್ರೆ ಚಕ್ರಾನೂ ಉಲ್ಟಾ ಸುತ್ತುತ್ತೆ ಅಂತ ನಿಮ್ಮ ಗಣಿತದಲ್ಲಿ ಇರ್ಲಿಲ್ವಾ ಮೇಷ್ಟ್ರೇ?" ಮೆಕ್ಯಾನಿಕ್ಕು ತಲೆ ಚಚ್ಚಿಕೊಂಡ. "ಈಗ ಹಿಂದಕ್ಕೆ ನಾಲ್ಕು ಗೇರು, ಮುಂದಕ್ಕೆ ಒಂದು. ರಿವರ್ಸ್ ಹಾಕು, ಮುಂದೆ ಹೋಗುತ್ತೆ."

ಬಿಚ್ಚಿ ಕೂರಿಸಲು ಹೊತ್ತಿಲ್ಲ. ಎಕ್ಸ್‌ಪ್ರೆಸ್ಸು ರಿವರ್ಸ್ ಗೇರಿನಲ್ಲಿ ಮುಂದಕ್ಕೆ ಹೊರಟ. ಗಾಡಿ 'ಗುಂಯ್ಯ್' ಎಂದು ನರಳುತ್ತ, ಮದುಮಗಳಂತೆ ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ನಾಲ್ಕಕ್ಕೆ ಸರಿಯಾಗಿ ಪೇಂಟರ್ ಮನೆ ತಲುಪಿತು. ಪೆಟ್ಟಿಗೆ ಹೇರಿದರು. ಮೆರವಣಿಗೆ ಹೊರಟಿತು. ಅಂದು ಮೊದಲ ಬಾರಿಗೆ ನೆಂಟರು ನಡೆದುಕೊಂಡು ಹೋದರು, ಸಾವಕಾಶವಾಗಿ ಅತ್ತರು, ಮೂಗು ಒರೆಸಿಕೊಳ್ಳಲೂ ಪುರುಸೊತ್ತಿತ್ತು. ಸ್ಮಶಾನದ ಬಾಗಿಲಲ್ಲಿ ಯಜಮಾನರು ಎಕ್ಸ್‌ಪ್ರೆಸ್ಸಿನ ಬೆನ್ನು ತಟ್ಟಿದರು. "ಇದು ಕಣಯ್ಯ ಗೌರವ! ಇನ್ಮೇಲೆ ಹೀಗೇ ಓಡಿಸು. ನಿನ್ನ ಕೆಲಸಕ್ಕೆ ಇನ್ನು ಯಾವ ಭಯಾನೂ ಇಲ್ಲ."

ಹೂಳುವ ಕೆಲಸವೆಲ್ಲ ಮುಗಿಯಿತು.

ಆಗ ಪೇಂಟರನ ಹೆಂಡತಿ ಗಾಡಿಯ ಹಿಂಚಕ್ರದ ಪಕ್ಕ ಕುಸಿದು ಕೂತಳು. ಸುಸ್ತೆಂದುಕೊಂಡು ಯಾರೋ ನೀರು ತಂದರು. ಅವಳು ಚಕ್ರದ ಮೇಲಿನ ಹಕ್ಕಿಯನ್ನು ಬೆರಳಿನಿಂದ ಸವರುತ್ತಿದ್ದಳು.

"ಇದು ಅವರು ಬರೆದದ್ದು," ಎಂದಳು. "ಇದು ನಮ್ಮ ಕಾರಿನ ಚಕ್ರ."

ಗುಂಪಿನಲ್ಲಿದ್ದ ಇನ್ಸ್‌ಪೆಕ್ಟರು ಬಗ್ಗಿ ನೋಡಿದರು. ಮೊನ್ನೆ ಪೇಂಟರನ ಕಾರು ಗೋಡೆಗೆ ಗುದ್ದಿ ಅವನು ತೀರಿಕೊಂಡಿದ್ದ. ಕುಡಿದು ಓಡಿಸಿದ ಎಂದು ಊರು ಹೇಳುತ್ತಿತ್ತು. ಅವರು ಕುಡಿಯೋದಿಲ್ಲ, ಬ್ರೇಕೇ ಹೋಗಿರಬೇಕು ಎನ್ನುತ್ತಿದ್ದವಳು ಅವಳೊಬ್ಬಳೇ. ಕಾರನ್ನು ಗುಜರಿಯಲ್ಲಿರಿಸಿ, ನಾಳೆ ಬೆಳಿಗ್ಗೆ ಅದರ ಬ್ರೇಕು ಪರೀಕ್ಷಿಸುವುದೆಂದು ನಿಗದಿಯಾಗಿತ್ತು.

"ಯಾವನಯ್ಯ ಇದನ್ನ ಬಿಚ್ಚಿದ್ದು?"

ಯಜಮಾನರು ಎರಡು ಹೆಜ್ಜೆ ದೂರ ಸರಿದರು. ಎಕ್ಸ್‌ಪ್ರೆಸ್ಸು ಬಾಯಿ ಮುಚ್ಚಿಕೊಂಡಿದ್ದರೆ ತಪ್ಪು ಗುಜರಿಯವನ ಮೇಲೆ ಹೋಗುತ್ತಿತ್ತು. ಆದರೆ ಆಕೆ ಇನ್ನೂ ಹಕ್ಕಿಯ ಮೇಲಿಂದ ಬೆರಳು ತೆಗೆದಿರಲಿಲ್ಲ.

"ಅಕ್ಕಾ," ಎಂದ. "ನಿಮ್ಮೋರು ಕುಡಿದಿರ್ಲಿಲ್ಲ. ಬ್ರೇಕ್ ಪೈಪು ಉದ್ದಕ್ಕೂ ಬಿರುಕು ಬಿಟ್ಟಿತ್ತು. ನಾನೇ ಕಣ್ಣಾರೆ ಕಂಡೆ."

ಅವಳು ಎರಡೂ ಕೈಯಲ್ಲಿ ಅವನ ಕೈ ಹಿಡಿದುಕೊಂಡಳು. ಇನ್ಸ್‌ಪೆಕ್ಟರು ಅವನ ಇನ್ನೊಂದು ಕೈ ಹಿಡಿದುಕೊಂಡರು.

"ಪೈಪು ಎಲ್ಲಿ?"

"ಕಸದ ಲಾರೀಲಿ, ಸಾರ್."

ಸಂಜೆ ಆರಕ್ಕೆ ಠಾಣೆಯ ಅಂಗಳದಲ್ಲಿ ಗಾಡಿ ಮತ್ತೆ ನಾಲ್ಕು ಕಲ್ಲಿನ ಮೇಲೆ ನಿಂತಿತ್ತು. ಬಿಚ್ಚಿದ ಆಕ್ಸಲಿಗೆ ಚೀಟಿ ಕಟ್ಟಿ ಒಳಗಿಟ್ಟಿದ್ದರು. ನಾಳೆಯಿಂದ ಬರಬೇಡವೆಂದು ಹೇಳಿ ಯಜಮಾನರು ನಡೆದೇ ಹೊರಟುಹೋಗಿದ್ದರು. ಬೆಂಚಿನ ಮೇಲೆ ಕೂತಿದ್ದ ಎಕ್ಸ್‌ಪ್ರೆಸ್ಸಿಗೆ ಕಾಂಪೌಂಡಿನಾಚೆ ಮೇಷ್ಟ್ರ ತಲೆ ಕಂಡಿತು.

"ಮುಂದೇನಯ್ಯ?"

"ಮುಂದಕ್ಕೆ ಇದ್ದದ್ದೇ ಒಂದು ಗೇರು, ಮೇಷ್ಟ್ರೇ," ಎಂದ ಎಕ್ಸ್‌ಪ್ರೆಸ್ಸು. "ಅದನ್ನೂ ಬಿಚ್ಚಿಟ್ಕೊಂಡ್ರು."